ಎರಡು ಪದಗಳ ಒಂದು ಆದೇಶ

ಎರಡು ಪದಗಳ ವಾಕ್ಯವೊಂದನ್ನು ಅನುವಾದಿಸಲು ಎಷ್ಟು ಹೊತ್ತು ಬೇಕು? ನಮ್ಮ ಕಸುಬಿನಲ್ಲಿ ದುಡ್ಡು ಪದದ ಲೆಕ್ಕದಲ್ಲಿ ಬರುತ್ತದೆ. ಆ ಲೆಕ್ಕದಲ್ಲಿ ಎರಡು ಪದಕ್ಕೆ ಒಂದು ಲೋಟ ಚಹಾ ಕೂಡ ಹುಟ್ಟುವುದಿಲ್ಲ. ಆದರೆ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಬರೋಡಾದಲ್ಲಿ ಕೇಳಿಬಂದ ಎರಡು ಪದಗಳ ಬಂಗಾಳಿ ವಾಕ್ಯವೊಂದಿದೆ. ಕೇಳಿಸಿಕೊಂಡವರು ಆಗ ಅದಕ್ಕೆ ಒಂದು ಅರ್ಥ ಮಾಡಿಕೊಂಡರು. ಎಷ್ಟೋ ವರ್ಷಗಳ ಮೇಲೆ ಅವರಲ್ಲೇ ಒಬ್ಬರು, ನಾವು ಅರ್ಥ ಮಾಡಿಕೊಂಡಿದ್ದೇ ತಪ್ಪು ಎಂದರು. ಆ ಎರಡು ಅರ್ಥಗಳ ನಡುವಿನ ಅವಧಿಯಲ್ಲಿ ಒಂದು ಗುಪ್ತ ಸಂಘವಿದೆ, ಬಾಂಬುಗಳಿವೆ, ವರ್ಷ ಹಿಡಿದ ಮೊಕದ್ದಮೆ ಇದೆ, ನೇಣಿಗೇರಿದ ಹದಿನೆಂಟರ ಹುಡುಗನಿದ್ದಾನೆ. ಯಾರ ಜಗಳಕ್ಕೂ ಸೇರದ ಇಬ್ಬರು ಹೆಂಗಸರ ಸಾವೂ ಇದೆ.

ಆ ವಾಕ್ಯ 'ಮಂದಿರ್ ಗಡೋ'. ಮಂದಿರ ಕಟ್ಟು. ಅದನ್ನು ಹೇಳಿದವರು ರಾಮಕೃಷ್ಣ ಪರಮಹಂಸರು ಎಂದು ಅಲ್ಲಿ ಕೂತಿದ್ದವರು ನಂಬಿದ್ದರು. ಪರಮಹಂಸರು ತೀರಿಕೊಂಡಿದ್ದು 1886ರಲ್ಲಿ. ಮಾತು ಬಂದಿದ್ದು ಅದಾಗಿ ಒಂದೂವರೆ ದಶಕಕ್ಕೂ ಮೇಲೆ, ಆತ್ಮಗಳನ್ನು ಕರೆದು ಮಾತಾಡಿಸುವ ಒಂದು ಬೈಠಕ್ಕಿನಲ್ಲಿ.

ಕಾಣದ ಶಕ್ತಿಗಳ ಅಪ್ಪಣೆ ಕೇಳಿ, ಗುಪ್ತ ಸಂಚನ್ನು ನಂಬಿ ನಡೆಯುವ ಸಣ್ಣ ರಾಜಕೀಯ ಪಕ್ಷಗಳ ಸುದ್ದಿ ಆಗಾಗ ಯಾವುದಾದರೂ ದೇಶದಿಂದ ಬರುತ್ತದೆ. ಓದಿ ನಗುತ್ತೇವೆ, ಅವು ಬೇರೆಯವರ ಹುಚ್ಚು ಅಂದುಕೊಳ್ಳುತ್ತೇವೆ. ನಾನು ವಡೋದರಾಕ್ಕೆ ಬಂದು ಆರು ವರ್ಷವಾಯಿತು. ಇಲ್ಲಿನ ದಾಂಡಿಯಾ ಬಜಾರ್‌ನ ಒಂದು ಹಳೆಯ ಬಂಗಲೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಅನ್ನಿಸುವುದು, ಅಂಥ ಗುಂಪೊಂದು ನಮ್ಮ ಹೈಸ್ಕೂಲಿನ ಇತಿಹಾಸ ಪುಸ್ತಕದೊಳಗೇ ಕೂತಿತ್ತು ಎಂದು. 'ಮಂದಗಾಮಿಗಳು ಮತ್ತು ತೀವ್ರಗಾಮಿಗಳು' ಎಂದು ಎರಡು ಅಂಕಣ ಮಾಡಿ ವ್ಯತ್ಯಾಸ ಬರೆದು ಐದು ಅಂಕ ಗಿಟ್ಟಿಸಿದ್ದು ನೆನಪಿರಬಹುದು. ಆ ಎರಡನೆಯ ಅಂಕಣದ ಹಿಂದೆ ಇನ್ನೊಂದು ಅಂಕಣವಿತ್ತು. ಅದನ್ನು ನಮಗೆ ಯಾರೂ ಬರೆಸಲಿಲ್ಲ.

ಬರೋಡಾದ ಪ್ರೊಫೆಸರು

ಅರವಿಂದ ಘೋಷರು 1893ರಲ್ಲಿ ಇಂಗ್ಲೆಂಡಿನಿಂದ ಮರಳಿ ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಅವರಿಗೆ ಇನ್ನೂ ಇಪ್ಪತ್ತು ವರ್ಷ. ಏಳನೇ ವಯಸ್ಸಿಗೆ ದೇಶ ಬಿಟ್ಟಿದ್ದವರು. ಗ್ರೀಕ್, ಲ್ಯಾಟಿನ್ ಬಲ್ಲವರು. ಮನೆಮಾತು ಬಂಗಾಳಿಯೇ ಸರಿಯಾಗಿ ಬಾರದು. 1898ರಲ್ಲಿ ದೀನೇಂದ್ರ ಕುಮಾರ್ ರಾಯ್ ಎಂಬ ಬಂಗಾಳಿ ಲೇಖಕರು ಬರೋಡಾಕ್ಕೆ ಬಂದು ಅವರ ಜೊತೆಗಿದ್ದು ಭಾಷೆ ಹೇಳಿಕೊಟ್ಟರು. ಗುಜರಾತಿ, ಮರಾಠಿಗಳನ್ನು ಅವರು ಇಲ್ಲಿಯೇ, ನೌಕರಿ ಮಾಡುತ್ತ ಕಲಿತರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ಮಹಾರಾಜರಿಗೆ ಭಾಷಣ ಮತ್ತು ಪತ್ರ ಬರೆದುಕೊಡುವ ಕೆಲಸ, ಮನೆಯಲ್ಲಿ ಸಂಸ್ಕೃತ.

ಬಂದ ವರ್ಷವೇ ಅವರು ಮುಂಬೈಯ 'ಇಂದುಪ್ರಕಾಶ'ದಲ್ಲಿ ಹೆಸರು ಹಾಕದೆ ಒಂದು ಲೇಖನಮಾಲೆ ಶುರುಮಾಡಿದರು. ಅದರ ಇಂಗ್ಲಿಷ್ ವಿಭಾಗ ನೋಡಿಕೊಳ್ಳುತ್ತಿದ್ದವರು ಅವರ ಕೇಂಬ್ರಿಡ್ಜ್ ಗೆಳೆಯ ಕೇಶವರಾವ್ ದೇಶಪಾಂಡೆ. ಕಾಂಗ್ರೆಸ್ಸಿನ ಅರ್ಜಿ ರಾಜಕಾರಣವನ್ನು ನೇರವಾಗಿ ಚುಚ್ಚುವ ಬರಹ ಅದು. ಮಹಾದೇವ ಗೋವಿಂದ ರಾನಡೆಯವರು ಪತ್ರಿಕೆಯವರನ್ನು ಎಚ್ಚರಿಸಿದರು. ಲೇಖನಗಳ ಖಾರ ಇಳಿಯಿತು, ಕೊನೆಗೆ ನಿಂತವು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಬೆಳಕಿನಲ್ಲಿ ಮಾತಾಡುವ ದಾರಿ ಇಕ್ಕಟ್ಟಾದ ಮೇಲೆಯೇ ಕತ್ತಲೆಯ ದಾರಿ ತೆರೆದುಕೊಂಡಿತು.

1899ರಲ್ಲಿ ಜತೀಂದ್ರನಾಥ ಬ್ಯಾನರ್ಜಿ ಎಂಬ ಕಟ್ಟುಮಸ್ತಾದ ಬಂಗಾಳಿ ಯುವಕ ಸೈನಿಕ ತರಬೇತಿ ಹುಡುಕುತ್ತ ಬರೋಡಾಕ್ಕೆ ಬಂದ. ಬಂಗಾಳಿಗಳನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ರೂಢಿ ಇರಲಿಲ್ಲ. ಅರವಿಂದರ ಗೆಳೆಯರಾದ ಜಾಧವ ಸೋದರರ ನೆರವಿನಿಂದ, ಹೆಸರು ಬದಲಿಸಿಕೊಂಡು ಆತ ಸಂಸ್ಥಾನದ ಕುದುರೆ ಪಡೆಗೆ ಸೇರಿದ. ಮುಂದೆ ಅವನನ್ನೇ ಬಂಗಾಳದಲ್ಲಿ ಗುಪ್ತ ಸಂಘ ಕಟ್ಟಲು ಕಳಿಸಲಾಯಿತು. ಪಶ್ಚಿಮ ಭಾರತದಲ್ಲಿ ಆಗಲೇ ಇದ್ದ ಗುಪ್ತ ಮಂಡಳಿಯೊಂದಕ್ಕೆ ಅರವಿಂದರು ಪ್ರಮಾಣ ಮಾಡಿ ಸೇರಿದರು. ಬಂಗಾಳದ ಮೇದಿನಿಪುರದಲ್ಲಿ ಹೇಮಚಂದ್ರ ಕಾನೂನ್‌ಗೋ ಅವರಿಗೆ ಅರವಿಂದರೇ ದೀಕ್ಷೆ ಕೊಟ್ಟಾಗ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಗೀತೆ ಇತ್ತು.

1902ರ ಡಿಸೆಂಬರಿನಲ್ಲಿ ಅಹಮದಾಬಾದಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಒಳಗೆ ಭಾಷಣ ಸಾಗಿರುವಾಗ ಬಾಲಗಂಗಾಧರ ತಿಲಕರು ಅರವಿಂದರನ್ನು ಪೆಂಡಾಲಿನ ಹೊರಗೆ ಕರೆದೊಯ್ದು ಮೈದಾನದಲ್ಲಿ ಒಂದು ಗಂಟೆ ಹೊತ್ತು ಮಾತಾಡಿದರು. ಸುಧಾರಣೆಯ ಅರ್ಜಿಗಳ ಬಗ್ಗೆ ತಮಗಿರುವ ತಿರಸ್ಕಾರವನ್ನು ಬಿಚ್ಚಿಟ್ಟರು. ಮುಂದೆ 'ಹೊಸ ಪಕ್ಷ' ಎಂದು ತನ್ನನ್ನು ಕರೆದುಕೊಂಡ, ವಿರೋಧಿಗಳು ತೀವ್ರಗಾಮಿಗಳೆಂದು ಕರೆದ ಬಣದ ಬೀಜ ಇಂಥ ಮಾತುಕತೆಗಳಲ್ಲಿತ್ತು. ಆಗ ಅದು ಕಾಂಗ್ರೆಸ್ಸಿನ ಅಂಚಿನಲ್ಲಿದ್ದ ಕೆಲವೇ ಜನರ ಅಸಮಾಧಾನ.

ಚಹಾ ಅಂಗಡಿಯಿಂದ ಪ್ಲಾಂಚೆಟ್‌ಗೆ

ಕಥೆಗೆ ತಿರುವು ಕೊಟ್ಟವನು ಅರವಿಂದರ ತಮ್ಮ ಬಾರೀಂದ್ರ. ಮನೆಯಲ್ಲಿ ಬಾರೀನ್. ಅಣ್ಣನಿಗಿಂತ ಏಳು ವರ್ಷಕ್ಕೂ ಹೆಚ್ಚು ಚಿಕ್ಕವನು. ಪಟ್ನಾದಲ್ಲಿ ಚಹಾ ಅಂಗಡಿ ಇಟ್ಟು, ಅದು ಮುಳುಗಿ, ಬರೋಡಾದಲ್ಲಿದ್ದ ಅಣ್ಣನ ಮನೆಗೆ ಬಂದು ಸೇರಿದ. ಕೈತುಂಬ ಪುರುಸೊತ್ತು, ತಲೆತುಂಬ ಉತ್ಸಾಹ. ಮನೆಯಲ್ಲಿ ಪ್ಲಾಂಚೆಟ್ ಶುರುವಾಯಿತು.

ಅದೊಂದು ಸಣ್ಣ ಹಲಗೆ. ಕೆಳಗೆ ಪುಟ್ಟ ಚಕ್ರಗಳು, ತುದಿಯಲ್ಲಿ ಸೀಸದಕಡ್ಡಿ. ಮೇಲೆ ಬೆರಳಿಟ್ಟು ಕೂತರೆ ಹಲಗೆ ಅಲುಗಾಡಿ ಕಾಗದದ ಮೇಲೆ ಅಕ್ಷರ ಮೂಡುತ್ತದೆ. ಬರೆಸುವುದು ಕರೆದ ಆತ್ಮ ಎಂಬ ನಂಬಿಕೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಲಂಡನ್ನು, ಪ್ಯಾರಿಸ್ಸು, ಕಲ್ಕತ್ತಗಳ ದಿವಾನಖಾನೆಗಳಲ್ಲೆಲ್ಲ ಇದು ನಡೆಯುತ್ತಿತ್ತು. ಹಾಗಾಗಿ ಇದನ್ನು 'ನಮ್ಮ ಮೂಢನಂಬಿಕೆ' ಎಂದು ತಳ್ಳಿಹಾಕುವುದು ಸರಿಯಲ್ಲ. ಇದು ಆ ಕಾಲದ ಆಧುನಿಕತೆಯ ಒಂದು ಭಾಗ. ಬಾರೀನ್ ಹಲಗೆಯ ಹಂಗಿಲ್ಲದೆ, ಕೈ ತಾನಾಗಿ ಓಡುವ ಬರವಣಿಗೆಯಲ್ಲೂ ಪಳಗಿದ. ಅವನ ಕೈಯಿಂದ ಬಂದ ಇಂಗ್ಲಿಷ್ ಎಷ್ಟು ಸೊಗಸಾಗಿತ್ತೆಂದು ಅಣ್ಣನೇ ಬೆರಗಾದರು. ಕರ್ಜನ್ ಸಾಹೇಬರು ಅನಿರೀಕ್ಷಿತವಾಗಿ ಭಾರತ ಬಿಟ್ಟು ಹೋಗುವ ಸೂಚನೆ ಅದರಲ್ಲಿತ್ತಂತೆ. ಚಳವಳಿಯನ್ನು ಹತ್ತಿಕ್ಕುವ ಕಾಲದಲ್ಲಿ ತಿಲಕರು ಹೇಗೆ ಎದೆಗೊಟ್ಟು ನಿಲ್ಲುತ್ತಾರೆಂಬ ಮಾತು ಮೂಡುತ್ತಿದ್ದ ಹೊತ್ತಿಗೇ ತಿಲಕರು ಬಾಗಿಲಿಂದ ಒಳಗೆ ಬಂದರಂತೆ. ಇವೆಲ್ಲ ಅರವಿಂದರೇ ಮುಂದೆ ನೆನಪಿಸಿಕೊಂಡಿದ್ದು.

ಪ್ಲಾಂಚೆಟ್ ಒಂದೇ ಅಲ್ಲ. ಬೆಟ್ಟದ ಜ್ವರ ಹಿಡಿದು ಬಾರೀನ್ ಹಾಸಿಗೆ ಹಿಡಿದಿದ್ದಾಗ ಒಬ್ಬ ನಾಗಾ ಸನ್ಯಾಸಿ ಮನೆಗೆ ಬಂದ. ಒಂದು ಲೋಟ ನೀರು ತರಿಸಿ, ಮಂತ್ರ ಹೇಳುತ್ತ ಚಾಕುವಿನಿಂದ ನೀರನ್ನು ಅಡ್ಡಡ್ಡ ಕತ್ತರಿಸಿದಂತೆ ಮಾಡಿ ಕುಡಿಸಿದ. ಜ್ವರ ಬಿಟ್ಟಿತು. ನಾಗಾ ಸನ್ಯಾಸಿಯಿಂದ ಅರವಿಂದರು ಕಾಳಿಯ ಸ್ತೋತ್ರವೊಂದನ್ನೂ ಪಡೆದರು, ಕೆಲವು ಕ್ರಿಯೆಗಳೂ ಯಜ್ಞವೂ ನಡೆದವು. ಅವು ಮೋಕ್ಷಕ್ಕಲ್ಲ, ರಾಜಕೀಯ ಯಶಸ್ಸಿಗೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ನರ್ಮದೆಯ ದಡದ ಚಾಂದೋದ್‌ಗೆ ಅವರ ಓಡಾಟವಿತ್ತು. ಅಲ್ಲಿ ಬಾರೀನ್‌ಗೆ ದೀಕ್ಷೆ ಕೊಟ್ಟ ಸಾಖರಿಯಾ ಬಾಬಾ 1857ರಲ್ಲಿ ಝಾನ್ಸಿಯ ರಾಣಿಯ ಕಡೆ ಕಾದಾಡಿದವರೆಂದು ಪ್ರತೀತಿ. ಸನ್ಯಾಸ, ಯುದ್ಧ, ಮಂತ್ರ, ಸೇಡು ಇವೆಲ್ಲ ಒಂದೇ ಮೈಯಲ್ಲಿ ಇರಬಹುದೆಂಬುದಕ್ಕೆ ಆ ಮುದುಕರೇ ಸಾಕ್ಷಿಯಾಗಿದ್ದರು.

ಅಂಥ ದಿನಗಳಲ್ಲೇ ಒಂದು ಸಂಜೆ ಪರಮಹಂಸರನ್ನು ಕರೆಯಲಾಯಿತು. ಬಹಳ ಹೊತ್ತು ಏನೂ ಬರಲಿಲ್ಲ. ಹೊರಡುವ ಹೊತ್ತಿಗೆ ಬಂದದ್ದು ಅಷ್ಟೇ: 'ಮಂದಿರ್ ಗಡೋ'.

ಯಾವ ಮಂದಿರ?

ಭಾಷಾಶಾಸ್ತ್ರ ಓದಿದವರ ಚಟ, ಕ್ಷಮಿಸಿ. ಈ ವಾಕ್ಯದಲ್ಲಿ ಏನೇನು ಇಲ್ಲ ನೋಡಿ. ಕರ್ತೃ ಇಲ್ಲ, ಆಜ್ಞೆಯ ರೂಪದಲ್ಲಿ ಅದು ಅಡಗಿದೆ. ಎಲ್ಲಿ ಎಂದಿಲ್ಲ, ಯಾವಾಗ ಎಂದಿಲ್ಲ, ಯಾರ ಮಂದಿರ ಎಂದಿಲ್ಲ. ಕನ್ನಡದಲ್ಲಿ 'ಮನೆ ಕಟ್ಟು' ಅನ್ನುವುದಕ್ಕೂ 'ಮನೆಯನ್ನು ಕಟ್ಟು' ಅನ್ನುವುದಕ್ಕೂ ಸಣ್ಣ ವ್ಯತ್ಯಾಸವಿದೆ. ಎರಡನೆಯದು ಗೊತ್ತಿರುವ ಯಾವುದೋ ಒಂದು ಮನೆಯತ್ತ ಬೆರಳು ತೋರಿಸುತ್ತದೆ, ಮೊದಲನೆಯದು ಕೇಳುವವರ ಮನಸ್ಸಿಗೆ ಬಿಟ್ಟಿದ್ದು. 'ಮಂದಿರ್ ಗಡೋ' ಮೊದಲನೆಯ ಜಾತಿಯದು. ದೇಹವನ್ನೇ ದೇಗುಲವೆಂದು ಕಂಡ ವಚನಕಾರರ ನಾಡಿನವರಾದ ನಮಗೆ ಈ ಮಾತು ಕೇಳಿದರೆ ಕಲ್ಲು ಗಾರೆಯ ಗುಡಿ ಮೊದಲು ನೆನಪಾಗಲೇಬೇಕೆಂದೇನೂ ಇಲ್ಲ.

ಬರೋಡಾದ ಆ ಕೋಣೆಯಲ್ಲಿ ಆಗ ಬೇರೆಯೇ ಗುಂಗು. ಬಂಕಿಮಚಂದ್ರರ 'ಆನಂದಮಠ' 1882ರಲ್ಲೇ ಪುಸ್ತಕವಾಗಿ ಬಂದಿತ್ತು. ಕಾಡಿನ ನಡುವೆ ಮಠ, ಖಡ್ಗ ಹಿಡಿದ ಸನ್ಯಾಸಿಗಳು, ದೇಶವೇ ದೇವಿ. ಬೆಟ್ಟದ ಮೇಲೆ ಭವಾನಿಯ ಗುಡಿ ಕಟ್ಟಿ, ಅಲ್ಲಿ ಬ್ರಹ್ಮಚಾರಿಗಳ ಪಡೆಯೊಂದನ್ನು ಬೆಳೆಸಬೇಕೆಂಬ ಯೋಜನೆ ಬಾರೀನ್‌ನ ತಲೆಯಲ್ಲಿ ಓಡುತ್ತಿತ್ತು. ಆದೇಶ ಆ ಯೋಜನೆಗೇ ಬಂತು ಎಂದು ಎಲ್ಲರಿಗೂ ಅನ್ನಿಸಿತು.

1905ರಲ್ಲಿ ಅರವಿಂದರು 'ಭವಾನಿ ಮಂದಿರ್' ಎಂಬ ಇಂಗ್ಲಿಷ್ ಕೈಹೊತ್ತಿಗೆ ಬರೆದರು. ಭಾರತಕ್ಕೆ ಜ್ಞಾನದ ಕೊರತೆಯಿಲ್ಲ, ಭಕ್ತಿಯ ಕೊರತೆಯಿಲ್ಲ, ಇಲ್ಲದಿರುವುದು ಶಕ್ತಿ. ಆ ಶಕ್ತಿಯೇ ಭವಾನಿ. ಊರುಗಳಿಂದ ದೂರ, ಬೆಟ್ಟದ ಗಾಳಿಯಲ್ಲಿ ಅವಳಿಗೊಂದು ಗುಡಿ ಕಟ್ಟಿ, ಕರ್ಮಯೋಗಿಗಳ ಒಂದು ಹೊಸ ಪಂಗಡ ಹುಟ್ಟಬೇಕು. ಧರ್ಮದ ಬಲದಿಂದ ಎದ್ದು ನಿಂತ ಜಪಾನಿನ ಉದಾಹರಣೆಯೂ ಅದರಲ್ಲಿದೆ. ಅದು ಜಪಾನ್ ರಷ್ಯಾವನ್ನು ಸೋಲಿಸಿದ ವರ್ಷ. ಹದಿಮೂರು ವರ್ಷಗಳ ನಂತರ ರೌಲೆಟ್ ಸಮಿತಿ ಈ ಕೈಹೊತ್ತಿಗೆಯನ್ನು ಧಾರ್ಮಿಕ ಆದರ್ಶಗಳನ್ನು ರಾಜಕೀಯಕ್ಕೆ ತಿರುಚಿದ ಉದಾಹರಣೆಯೆಂದು ಎತ್ತಿ ತೋರಿಸಿತು. ಸಾಲುಗಳಲ್ಲಿ ಬಾಂಬು ಇಲ್ಲ. ಆದರೆ ಗುಡಿಯ ಜಾಗ ಹುಡುಕಲು ಹೊರಟವನು ಬಾರೀನ್. ಶೋಣ ನದಿಯ ಬಳಿಯ ಕೈಮೂರ್ ಗುಡ್ಡಗಳಲ್ಲಿ ಅಲೆದು, ಗುಡಿಗೆ ಜಾಗ ಸಿಗದೆ ಬೆಟ್ಟದ ಜ್ವರ ಹೊತ್ತು ಮರಳಿದ.

ಅರವಿಂದರ ಮಟ್ಟಿಗೆ ಯೋಜನೆ ಬೇಗನೆ ಬಿದ್ದುಹೋಯಿತು. ಅದು ತನ್ನದಕ್ಕಿಂತ ಬಾರೀನ್‌ನ ಕಲ್ಪನೆ, ಕೊಲೆಗಾರರನ್ನು ತಯಾರು ಮಾಡುವ ಉದ್ದೇಶವೂ ಇರಲಿಲ್ಲ ಎಂದು ಅವರು ಹೇಳಿದ್ದಾರೆ. ಆದರೆ ಕಲ್ಪನೆ ಒಮ್ಮೆ ಹೊರಬಿದ್ದರೆ ಬರೆದವರ ಮಾತು ಕೇಳುವುದಿಲ್ಲ. ಬೆಟ್ಟದಲ್ಲಿ ಕಟ್ಟಲಾಗದ ಮಂದಿರವನ್ನು ಬಾರೀನ್ ಕಲ್ಕತ್ತದ ಮಾಣಿಕ್ತಲಾದ ಒಂದು ತೋಟದಲ್ಲಿ ಕಟ್ಟಿದ. ಬೆಳಿಗ್ಗೆ ಧ್ಯಾನ, ಗೀತೆಯ ಪಾಠ. ಆಮೇಲೆ ಸ್ಫೋಟಕಗಳ ಪಾಠ.

ಸೂರತ್: ಒಂದು ಮೆಟ್ಟು, ಒಂದು ಪತ್ರ

ಈ ಹೊತ್ತಿಗೆ ಬಂಗಾಳ ಎರಡಾಗಿತ್ತು. ವಿಭಜನೆಯ ವಿರುದ್ಧ ಎದ್ದ ಚಳವಳಿ ಅಂಚಿನಲ್ಲಿದ್ದವರನ್ನು ನಡುಮನೆಗೆ ತಂದಿತ್ತು. ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣ, ಸ್ವರಾಜ್ಯ ಎಂಬ ನಾಲ್ಕು ನಿರ್ಣಯಗಳ ಮೇಲೆ ಹೊಸ ಪಕ್ಷ ನಿಂತಿತ್ತು. ಅವುಗಳ ಪರ ಮಾತಾಡಬಹುದಿತ್ತು, ವಿರುದ್ಧ ಕೈ ಎತ್ತಬಹುದಿತ್ತು. ಆ ಪಕ್ಷದ ಬೆನ್ನ ಹಿಂದಿದ್ದ ಗುಂಪಿಗೆ ಇಂಥ ನಿರ್ಣಯಗಳಿರಲಿಲ್ಲ. ಅಲ್ಲಿ ಆದೇಶಗಳಿದ್ದವು.

1907ರ ಡಿಸೆಂಬರ್ ಕೊನೆಯ ವಾರ ತಾಪಿ ನದಿಯ ಊರಾದ ಸೂರತ್‌ನಲ್ಲಿ ಕಾಂಗ್ರೆಸ್ ಸೇರಿತು. ನಾಗಪುರದಲ್ಲಿ ಆಗಬೇಕಿದ್ದ ಅಧಿವೇಶನವನ್ನು ಮಂದಗಾಮಿಗಳು ತಮಗೆ ಅನುಕೂಲವಾದ ಊರಿಗೆ ತಂದಿದ್ದರು. ನಾಲ್ಕು ನಿರ್ಣಯಗಳನ್ನು ನೀರು ಮಾಡುತ್ತಾರೆಂಬ ಗುಮಾನಿ ಎಲ್ಲೆಡೆ. ಮೊದಲ ದಿನ ಗದ್ದಲದಲ್ಲಿ ಸಭೆ ಮುಂದೆ ಹೋಯಿತು. 27ರಂದು ತಿಲಕರು ವೇದಿಕೆ ಹತ್ತಿ, ಅಧ್ಯಕ್ಷ ರಾಶ್‌ಬಿಹಾರಿ ಘೋಷರು ಬೇಡವೆಂದರೂ ಇಳಿಯದೆ ನಿಂತರು. ಜನರ ನಡುವಿನಿಂದ ಒಂದು ಮರಾಠಿ ಮೆಟ್ಟು ಹಾರಿಬಂದು ಸುರೇಂದ್ರನಾಥ ಬ್ಯಾನರ್ಜಿಯವರಿಗೂ ಫಿರೋಜ್‌ಶಾ ಮೆಹ್ತಾರಿಗೂ ತಗುಲಿತು. ಕುರ್ಚಿಗಳು ಹಾರಾಡಿದವು, ಪೊಲೀಸರು ಪೆಂಡಾಲು ಖಾಲಿ ಮಾಡಿಸಿದರು. ಕಾಂಗ್ರೆಸ್ ಒಡೆಯಿತು. ತಿಲಕರನ್ನು ಕೇಳದೆ, ಒಡೆಯುವ ಅಪ್ಪಣೆ ಕೊಟ್ಟವನು ತಾನೇ ಎಂದು ಅರವಿಂದರು ಮುಂದೆ ಹೇಳಿದರು.

ಅದೇ ಗಲಾಟೆಯ ನಡುವೆ ಬಾರೀನ್ ಬೇರೆಬೇರೆ ಪ್ರಾಂತ್ಯಗಳ ಕ್ರಾಂತಿಕಾರಿಗಳನ್ನು ಗುಟ್ಟಾಗಿ ಸೇರಿಸಲು ನೋಡಿ ನಿರಾಶನಾದ. ಮಾತಾಡುವವರೇ ಎಲ್ಲ, ಮಾಡುವವರು ಯಾರೂ ಇಲ್ಲ. ಆ 27ನೇ ತಾರೀಖಿನ ಪತ್ರವೊಂದು ಮುಂದೆ ಕೋರ್ಟಿಗೆ ಬಂತು: ತಮ್ಮ ಅಣ್ಣನಿಗೆ ಬರೆದದ್ದು, ತುರ್ತಿಗೆ ಒದಗುವಂತೆ ದೇಶದ ತುಂಬ ಸಿಹಿತಿಂಡಿ ಸಿದ್ಧವಿರಬೇಕು ಎನ್ನುವುದು. ಸಿಹಿತಿಂಡಿ ಎಂದರೆ ಬಾಂಬು ಎಂದಿತು ಸರ್ಕಾರಿ ಪಕ್ಷ. ಅದರ ಕಥೆಗೆ ಮತ್ತೆ ಬರುತ್ತೇನೆ.

ಸೂರತ್‌ನಿಂದ ಅರವಿಂದರು ನೇರ ಹೋಗಿದ್ದು ಬರೋಡಾಕ್ಕೆ. ಪಕ್ಷ ಒಡೆದ ಬಿಸಿ ಆರುವ ಮೊದಲೇ ಅವರು ಹುಡುಕಿದ್ದು ಒಬ್ಬ ಯೋಗಿಯನ್ನು. ಬಾರೀನ್ ತಂತಿ ಕಳಿಸಿ ಗ್ವಾಲಿಯರ್‌ನಿಂದ ವಿಷ್ಣು ಭಾಸ್ಕರ ಲೇಲೆಯವರನ್ನು ಕರೆಸಿದ್ದ. ಸರ್ದಾರ್ ಮಜುಮ್‌ದಾರರ ಮನೆಯ ಮಹಡಿಯ ಕೋಣೆಯಲ್ಲಿ ಗುರು ಶಿಷ್ಯರು ಮೂರು ದಿನ ಕೂತರು. ಆಲೋಚನೆಗಳು ಹೊರಗಿನಿಂದ ಬರುವುದನ್ನು ನೋಡು, ಒಳಗೆ ಬರುವ ಮೊದಲೇ ತಳ್ಳಿಬಿಡು ಎಂಬುದು ಲೇಲೆಯವರ ಪಾಠ. ಅರವಿಂದರ ಮನಸ್ಸು ಸಂಪೂರ್ಣ ನಿಶ್ಶಬ್ದವಾಯಿತು. ಮುಂದೆ ಮುಂಬೈಯಲ್ಲಿ ಭಾಷಣ ಮಾಡಬೇಕಾಗಿ ಬಂದಾಗ ತಲೆಯಲ್ಲಿ ಒಂದು ಮಾತೂ ಇರಲಿಲ್ಲ. ಸಭೆಗೆ ನಮಸ್ಕರಿಸಿ ಕಾಯಿ, ಮಾತು ಎಲ್ಲಿಂದಲೋ ಬರುತ್ತದೆ ಎಂದರು ಲೇಲೆ. ಬಂತು. 1908ರ ಜನವರಿ 19ರ ಆ ಭಾಷಣದಲ್ಲಿ ರಾಷ್ಟ್ರೀಯತೆ ಬರೀ ರಾಜಕೀಯ ಕಾರ್ಯಕ್ರಮವಲ್ಲ, ದೇವರಿಂದ ಬಂದ ಧರ್ಮ ಎಂದರು ಅವರು.

ಕೇಳಿದವರಿಗೆ ರೋಮಾಂಚನವಾಗಿರಬೇಕು. ನನಗೆ ಓದುವಾಗ ಸ್ವಲ್ಪ ಭಯವೂ ಆಗುತ್ತದೆ. ಕಾರ್ಯಕ್ರಮವಾದರೆ ತಿದ್ದುಪಡಿ ಸೂಚಿಸಬಹುದು. ದೇವರಿಂದ ಬಂದದ್ದಕ್ಕೆ ತಿದ್ದುಪಡಿ ಸೂಚಿಸುವವರು ಯಾರು?

ವಿಚಿತ್ರವೆಂದರೆ, ಈ ಭಯ ಮೊದಲು ಹುಟ್ಟಿದವರಲ್ಲಿ ಲೇಲೆಯವರೂ ಒಬ್ಬರು. ಫೆಬ್ರುವರಿಯಲ್ಲಿ ಬಾರೀನ್ ಅವರನ್ನು ಮಾಣಿಕ್ತಲಾ ತೋಟಕ್ಕೆ ಕರೆಸಿಕೊಂಡ. ಧ್ಯಾನ ಕಲಿಸಲು ಬಂದವರಿಗೆ ಅಲ್ಲಿ ಬಾಂಬಿನ ತಯಾರಿ ಗೊತ್ತಾಯಿತು. ಇದನ್ನು ಬಿಡಿ, ಬಿಡದಿದ್ದರೆ ಹಳ್ಳಕ್ಕೆ ಬೀಳುತ್ತೀರಿ ಎಂದು ಹೇಳಿ ಹೋದರು. ಆತ್ಮಗಳ ಮಾತನ್ನು ನಂಬಿದ್ದ ಹುಡುಗರು ಎದುರಿಗೆ ಕೂತ ಜೀವಂತ ಗುರುವಿನ ಮಾತು ಕೇಳಲಿಲ್ಲ. ಗುರುವನ್ನು ಪ್ರಶ್ನಿಸಬಹುದು, ಅವರೂ ತಿರುಗಿ ಪ್ರಶ್ನಿಸುತ್ತಾರೆ. ಪ್ಲಾಂಚೆಟ್ಟಿಗೆ ಆ ತೊಂದರೆ ಇಲ್ಲ.

1908ರ ಏಪ್ರಿಲ್ 30ರ ರಾತ್ರಿ ಬಿಹಾರದ ಮುಜಫರ್‌ಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ನ್ಯಾಯಾಧೀಶ ಕಿಂಗ್ಸ್‌ಫೋರ್ಡ್‌ನ ಗಾಡಿ ಎಂದುಕೊಂಡು ಒಂದು ಗಾಡಿಗೆ ಬಾಂಬು ಎಸೆದರು. ಅದರಲ್ಲಿದ್ದವರು ವಕೀಲ ಪ್ರಿಂಗಲ್ ಕೆನಡಿಯವರ ಹೆಂಡತಿ ಮತ್ತು ಮಗಳು. ಇಬ್ಬರೂ ಸತ್ತರು. ಚಾಕಿ ಸಿಕ್ಕಿಬೀಳುವಾಗ ಗುಂಡು ಹಾರಿಸಿಕೊಂಡ. ಖುದಿರಾಮನನ್ನು ಆಗಸ್ಟ್ 11ರಂದು ನೇಣಿಗೇರಿಸಿದರು. ಆ ಹುಡುಗರ ಧೈರ್ಯಕ್ಕೆ ದೇಶ ಹಾಡು ಕಟ್ಟಿತು, ಸರಿಯೇ. ತಾಯಿ ಮಗಳ ಹೆಸರು ಮಾತ್ರ ಹಾಡಿನಲ್ಲಿ ಬರುವುದಿಲ್ಲ.

ಮಣ್ಣು, ಸಿಹಿ, ಔಷಧಿ

ಮೇ 2ರ ಬೆಳಗಿನ ಜಾವ ಪೊಲೀಸರು ಮಾಣಿಕ್ತಲಾ ತೋಟಕ್ಕೂ ಅರವಿಂದರ ಮನೆಗೂ ನುಗ್ಗಿದರು. ಮನೆಯ ಶೋಧದಲ್ಲಿ ಒಂದು ಸಣ್ಣ ರಟ್ಟಿನ ಡಬ್ಬಿಯಲ್ಲಿ ಮಣ್ಣು ಸಿಕ್ಕಿತು. ಪರಮಹಂಸರಿದ್ದ ದಕ್ಷಿಣೇಶ್ವರದ ಮಣ್ಣು ಅದು, ಭಕ್ತಿಯಿಂದ ಇಟ್ಟುಕೊಂಡದ್ದು. ಪೊಲೀಸ್ ಅಧಿಕಾರಿ ಅದನ್ನು ಬಹಳ ಹೊತ್ತು ಅನುಮಾನದಿಂದ ನೋಡಿದ. ಹೊಸ ಬಗೆಯ ಸ್ಫೋಟಕವಿರಬಹುದೆಂದು. ಜೈಲಿನ ನೆನಪುಗಳಲ್ಲಿ ಅರವಿಂದರು ಇದನ್ನು ನಗುತ್ತಲೇ ಬರೆದಿದ್ದಾರೆ. ಒಂದು ಕಡೆಯವರು ಗುಡಿಯಲ್ಲಿ ಬಾಂಬು ಕಂಡಿದ್ದರು, ಇನ್ನೊಂದು ಕಡೆಯವರು ಗುಡಿಯ ಮಣ್ಣಿನಲ್ಲೂ ಬಾಂಬು ಕಂಡರು. ಸಂಚಿನ ನಂಬಿಕೆ ಸರ್ಕಾರಕ್ಕೂ ಇತ್ತು. ವ್ಯಾಲೆಂಟೈನ್ ಚಿರೋಲ್‌ನಂಥ ಪತ್ರಕರ್ತರು ಭಾರತದ ಅಶಾಂತಿಯ ಹಿಂದೆ ಪುಣೆಯ ಚಿತ್ಪಾವನರ ಕೈವಾಡವನ್ನು ಹುಡುಕುತ್ತಿದ್ದರು. ಅರ್ಜಿ ಕೊಟ್ಟು ಸುಸ್ತಾದವರ ಸಿಟ್ಟಿಗೆ ಕಾರಣ ಹುಡುಕುವುದಕ್ಕಿಂತ ಅದು ಸುಲಭ.

ಅಲಿಪುರ ಮೊಕದ್ದಮೆಯಲ್ಲಿ ಸೂರತ್‌ನ ಸಿಹಿತಿಂಡಿ ಪತ್ರ ಮುಖ್ಯ ಪುರಾವೆಗಳಲ್ಲೊಂದು. ಅದು ಅಸಲಿಯಾದರೆ ಅಣ್ಣನಿಗೆ ಎಲ್ಲವೂ ಗೊತ್ತಿತ್ತೆಂದು ಆಗುತ್ತಿತ್ತು. ಅರವಿಂದರ ವಕೀಲ ಚಿತ್ತರಂಜನ ದಾಸರು ಮಾಡಿದ ವಾದ ಭಾಷಾಶಾಸ್ತ್ರದ ತರಗತಿಯಲ್ಲಿ ಪಾಠ ಮಾಡುವಂಥದ್ದು. ಪತ್ರದಲ್ಲಿ ಇಂಗ್ಲಿಷಿನ 'ಡಿಯರ್ ಬ್ರದರ್' ಇದೆ. ಅರವಿಂದರು ಮೂರನೆಯ ಮಗ, ತಮ್ಮನ ಬಾಯಲ್ಲಿ ಅವರು 'ಸೇಜ್‌ದಾ'. ಬಂಗಾಳಿ ಮನೆಯ ತಮ್ಮ ಅಣ್ಣನನ್ನು ಹಾಗೆ ಬಿಟ್ಟು ಹೀಗೆ ಕರೆಯುತ್ತಾನೆಯೇ? ಕೊನೆಯಲ್ಲಿ 'ಬಾರೀಂದ್ರ ಕುಮಾರ್ ಘೋಷ್' ಎಂದು ಪೂರ್ತಿ ಹೆಸರಿನ ಸಹಿ ಹಾಕುತ್ತಾನೆಯೇ? ಇಬ್ಬರೂ ಸೂರತ್‌ನಲ್ಲೇ ಇದ್ದಾಗ ಪತ್ರವೇಕೆ? ನಮ್ಮ ಮನೆಗಳಲ್ಲಿ ತಮ್ಮನೊಬ್ಬ ಅಣ್ಣನಿಗೆ 'ಪ್ರಿಯ ಸಹೋದರ' ಎಂದು ಬರೆದು ಕೆಳಗೆ ಇನಿಷಿಯಲ್ ಸಮೇತ ಸಹಿ ಹಾಕಿದರೆ ನಾವೂ ಹುಬ್ಬೇರಿಸುತ್ತೇವೆ. ನ್ಯಾಯಾಧೀಶ ಬೀಚ್‌ಕ್ರಾಫ್ಟ್ ಇಂಗ್ಲೆಂಡಿನಲ್ಲಿ ಅರವಿಂದರ ಜೊತೆಯಲ್ಲೇ ಐಸಿಎಸ್ ಪರೀಕ್ಷೆ ಬರೆದವರು. ಅವರಿಗೆ ಆ ಪತ್ರದ ಮೇಲೆ ಭರವಸೆ ಇಡಲು ಆಗಲಿಲ್ಲ. 1909ರ ಮೇ 6ರಂದು ಅರವಿಂದರು ಬಿಡುಗಡೆಯಾದರು. ಬಾರೀನ್‌ಗೆ ಮರಣದಂಡನೆಯಾಗಿ, ಆಮೇಲೆ ಅದು ಅಂಡಮಾನಿನ ಕರಿನೀರಾಯಿತು.

ಅದೇ ವರ್ಷ ನವೆಂಬರ್ 13ರಂದು ಅಹಮದಾಬಾದಿನಲ್ಲಿ ವೈಸರಾಯ್ ಮಿಂಟೋ ದಂಪತಿಯ ಗಾಡಿಯ ಮೇಲೆ ಏನೋ ಎಸೆಯಲಾಯಿತು. ಆಗ ಸಿಡಿಯಲಿಲ್ಲ. ಆಮೇಲೆ ಅದನ್ನು ಎತ್ತಿಕೊಂಡ ದಾರಿಹೋಕನ ಕೈ ಹೋಯಿತು. ಇಲ್ಲಿಯೂ ಗುರಿ ಒಬ್ಬರು, ಗಾಯ ಇನ್ನೊಬ್ಬರಿಗೆ.

ಗುಜರಾತಿನಲ್ಲಿ ಈ ವಿದ್ಯೆ ಹರಡಿದ್ದರಲ್ಲಿ ಒಬ್ಬ ಅನುವಾದಕನ ಪಾಲಿದೆ. ನಮ್ಮ ಕಸುಬಿನವನಾದ್ದರಿಂದ ಅವನ ಬಗ್ಗೆ ನನಗೆ ವಿಶೇಷ ಕುತೂಹಲ. ಬರೋಡಾ ಸಂಸ್ಥಾನದ ನೌಕರರಾಗಿದ್ದ ನರಸಿಂಹಭಾಯಿ ಈಶ್ವರಭಾಯಿ ಪಟೇಲರು ಬಾರೀನ್ ಬಳಗದ 'ಮುಕ್ತಿ ಕೋನ್ ಪಥೇ' ಎಂಬ ಬಂಗಾಳಿ ಪುಸ್ತಕವನ್ನು ಗುಜರಾತಿಗೆ ತಂದರು. ಮುಖಪುಟದ ಮೇಲೆ ಇದ್ದದ್ದು 'ವನಸ್ಪತಿನೀ ದವಾಓ', ಅಂದರೆ ಗಿಡಮೂಲಿಕೆ ಔಷಧಿಗಳು. ಒಳಗೆ ಕ್ರಾಂತಿಯ ಪಾಠ, ಬಾಂಬು ಮಾಡುವ ಕ್ರಮ. ಸಿಕ್ಕಿಬಿದ್ದು ಸಂಸ್ಥಾನದಿಂದ ಗಡೀಪಾರಾದರು. ಪೂರ್ವ ಆಫ್ರಿಕಾ, ಶಾಂತಿನಿಕೇತನ ಸುತ್ತಿ ಕೊನೆಗೆ ಆಣಂದ್‌ನಲ್ಲಿ ನೆಲೆಸಿ 'ಪಾಟೀದಾರ್' ಪತ್ರಿಕೆ ನಡೆಸಿದರು. 1930ರ ದಶಕದಲ್ಲಿ ಅವರು ಬರೆದ ಪುಸ್ತಕದ ಹೆಸರು 'ಈಶ್ವರನೋ ಇನ್ಕಾರ್', ದೇವರ ನಿರಾಕರಣೆ. ಕಾಳಿಯ ಹೆಸರಲ್ಲಿ ಬಂದ ಆದೇಶವನ್ನು ಅನುವಾದಿಸಿದ ಮನುಷ್ಯ ಕೊನೆಗೆ ಆದೇಶ ಕೊಡುವವನನ್ನೇ ಬೇಡವೆಂದರು. ಈ ಸಲ ಮುಖಪುಟದ ಹೆಸರೂ ಒಳಗಿನ ವಿಷಯವೂ ಒಂದೇ ಆಗಿದ್ದವು.

ಇನ್ನೊಂದು ದಾರಿಯೂ ಇತ್ತು. ಕೇಶವರಾವ್ ದೇಶಪಾಂಡೆಯವರು ಚಾಂದೋದ್ ಬಳಿ ಶುರುಮಾಡಿದ ಗಂಗನಾಥ ವಿದ್ಯಾಲಯ ಮುಂದೆ ಬರೋಡಾಕ್ಕೆ ಬಂತು. ಅದು ಭವಾನಿ ಮಂದಿರದ ಕನಸಿನ ಶಾಂತ ರೂಪ. ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ಒಬ್ಬ ಮರಾಠಿ ಯುವಕ 1910ರಲ್ಲಿ ಅಲ್ಲಿಗೆ ಪಾಠ ಮಾಡಲು ಬಂದರು. ಬ್ರಿಟಿಷರ ಒತ್ತಡಕ್ಕೆ ಶಾಲೆ ಮುಚ್ಚಿದ ಮೇಲೆ ಹಿಮಾಲಯಕ್ಕೆ ಹೋಗಿ ಅಲೆದರು. ಶಾಂತಿನಿಕೇತನದಲ್ಲಿ 1915ರಲ್ಲಿ ಗಾಂಧೀಜಿಯನ್ನು ಕಂಡು, ಅವರ ಹಿಂದೆ ಅಹಮದಾಬಾದಿನ ಆಶ್ರಮ ಸೇರಿದರು. ಅವರೇ ಕಾಕಾ ಕಾಲೇಲ್ಕರ್. ಗುಜರಾತಿ ಗದ್ಯಕ್ಕೆ ಹೊಸ ಕಳೆ ತಂದ ಅವರನ್ನು ಗಾಂಧೀಜಿ 'ಸವಾಯಿ ಗುಜರಾತಿ' ಎಂದರು, ಗುಜರಾತಿಗಳಿಗಿಂತ ಕಾಲು ಪಾಲು ಹೆಚ್ಚು ಗುಜರಾತಿ ಎಂದು. ಗಾಂಧೀಜಿಯೂ ಒಳದನಿಯ ಮಾತಾಡುತ್ತಿದ್ದರು, ಅದನ್ನು ಮರೆಯಬಾರದು. ಆದರೆ ಆ ದನಿ ಹೇಳುತ್ತಿದ್ದದ್ದು ಹೆಚ್ಚಾಗಿ ತಾನು ಉಪವಾಸ ಮಾಡಬೇಕೆಂದು. ತಪ್ಪಾದರೆ ನೋಯುವ ಮೈ ಅವರದೇ.

ಕೇಳಲು ಯಾರೂ ಇಲ್ಲದ ವಾಕ್ಯ

ಅರವಿಂದರು 1910ರಲ್ಲಿ ಪುದುಚೇರಿಗೆ ಹೋದರು. ಪ್ಲಾಂಚೆಟ್, ತಾನಾಗಿ ಬರುವ ಬರವಣಿಗೆಗಳ ಬಗ್ಗೆ ಅವರು ಕೊನೆಗೆ ತಲುಪಿದ ತೀರ್ಮಾನ ಸಾಕಷ್ಟು ತಣ್ಣಗಿದೆ: ಎಲ್ಲೋ ಕೆಲವು ಬೇರೆ ಲೋಕದ ಶಕ್ತಿಗಳಿಂದ ಬರಬಹುದು, ಅವೂ ಎತ್ತರದವೇ ಆಗಬೇಕಿಲ್ಲ, ಬಹುಪಾಲು ಬರುವುದು ನಮ್ಮದೇ ಮನಸ್ಸಿನ ತಳದಲ್ಲಿ ನಾಟಕವಾಡುವ ಒಂದು ಭಾಗದಿಂದ. ಆ ಸಂಜೆಯ ಎರಡು ಪದಗಳ ಬಗ್ಗೆಯೂ ಹೇಳಿದರು. ಆಗ ಭವಾನಿ ಮಂದಿರದ ಗುಂಗಿನಲ್ಲಿದ್ದೆವು, ಅದನ್ನೇ ಕಟ್ಟಲು ಹೇಳಿದರೆಂದುಕೊಂಡೆವು. ಒಳಗೊಂದು ಮಂದಿರ ಕಟ್ಟಿಕೊಳ್ಳಿ ಎಂಬುದು ಅದರ ಅರ್ಥವೆಂದು ಆಮೇಲೆ ತಿಳಿಯಿತು ಎಂದು. ತನ್ನ ಹಳೆಯ ಅನುವಾದವನ್ನು ಹೀಗೆ ಸಾರ್ವಜನಿಕವಾಗಿ ತಿದ್ದಿಕೊಳ್ಳುವ ಮುಖಂಡರು ಅಪರೂಪ. ಅದಕ್ಕಾಗಿ ನನಗೆ ಅವರ ಮೇಲೆ ಗೌರವವಿದೆ.

ಆದರೂ ಒಂದು ಮುಳ್ಳು ಉಳಿದೇ ಇದೆ. ಎರಡನೆಯ ಅರ್ಥ ಮೊದಲನೆಯದಕ್ಕಿಂತ ಸುಂದರವಾಗಿದೆ, ನಿಜ. ಅದೇ ಸರಿಯಾದದ್ದು ಎಂದು ಹೇಗೆ ಗೊತ್ತು? ಕ್ರಾಂತಿಯ ಗುಂಗಿನಲ್ಲಿದ್ದಾಗ ಕ್ರಾಂತಿಯ ಮಂದಿರ ಕೇಳಿಸಿತು, ಯೋಗದ ಗುಂಗಿನಲ್ಲಿದ್ದಾಗ ಯೋಗದ ಮಂದಿರ ಕೇಳಿಸಿತು. ವಾಕ್ಯ ಎರಡು ಸಲವೂ ಸುಮ್ಮನೆ ಇತ್ತು.

ಅನುವಾದಕರಿಗೆ ಒಂದು ಸವಲತ್ತಿದೆ. ಅನುಮಾನ ಬಂದರೆ ಬರೆದವರಿಗೆ ಪತ್ರ ಹಾಕಿ ಕೇಳುತ್ತೇವೆ: ಇಲ್ಲಿ ನೀವು ಹೇಳಿದ್ದು ಇದೋ, ಅದೋ? ಬರೆದವರು ತೀರಿಕೊಂಡಿದ್ದರೆ ಅಡಿಟಿಪ್ಪಣಿ ಹಾಕಿ, ಎರಡು ಅರ್ಥವೂ ಸಾಧ್ಯ ಎಂದು ಒಪ್ಪಿಕೊಳ್ಳುತ್ತೇವೆ. ಆಮೇಲೆ ಓದುವವರು ನಮ್ಮನ್ನು ಬೈಯಬಹುದು, ಇನ್ನೊಬ್ಬರು ಬೇರೆ ಅನುವಾದ ಮಾಡಬಹುದು. ನಿರ್ಣಯ ಮಂಡಿಸಿ ಮತಕ್ಕೆ ಹಾಕುವ ರಾಜಕೀಯವೂ ಇಂಥದೇ ಕೆಲಸ. ನಿಧಾನ, ಬೇಸರದ್ದು, ಆಗಾಗ ಮೆಟ್ಟು ಹಾರುವಂಥದ್ದು. ಆದರೆ ಸೂರತ್‌ನಲ್ಲಿ ಹಾರಿದ ಮೆಟ್ಟಿನಿಂದ ಯಾರೂ ಸಾಯಲಿಲ್ಲ. ಒಡೆದ ಕಾಂಗ್ರೆಸ್ ಒಂಬತ್ತು ವರ್ಷಗಳ ಮೇಲೆ ಲಖನೌನಲ್ಲಿ ಮತ್ತೆ ಕೂಡಿತು.

ದಾಂಡಿಯಾ ಬಜಾರ್‌ನ ಬಂಗಲೆ ಈಗ 'ಅರವಿಂದ ನಿವಾಸ', ಯಾರು ಬೇಕಾದರೂ ಹೋಗಿ ಧ್ಯಾನಕ್ಕೆ ಕೂರಬಹುದು. ನಾನು ಆಗಾಗ ಹೋಗುತ್ತೇನೆ, ಹೆಚ್ಚಾಗಿ ಹೊರಗಿನ ಗದ್ದಲ ತಪ್ಪಿಸಿಕೊಳ್ಳಲು. ಕಣ್ಣು ಮುಚ್ಚಿದಾಗ ನನಗೆ ಯಾವ ದನಿಯೂ ಕೇಳಿಸಿಲ್ಲ. ಮುಜಫರ್‌ಪುರದ ಆ ರಾತ್ರಿಯ ಗಾಡಿ ಮಾತ್ರ ಒಮ್ಮೊಮ್ಮೆ ಕಣ್ಣ ಮುಂದೆ ಬರುತ್ತದೆ. ಒಳಗೆ ಯಾರಿದ್ದಾರೆಂದು ಎಸೆಯುವವನಿಗೆ ಕಾಣುತ್ತಿಲ್ಲ. ಕೇಳಿ ತಿಳಿದುಕೊಳ್ಳುವಷ್ಟು ಅನುಮಾನವೂ ಅವನಿಗೆ ಬಂದಿಲ್ಲ.